ಪರಿಶ್ರಮಕ್ಕೆ ಇಂದಿಗೂ ದಾರಿ ಇದೆಯೇ? – ಬೆಳಗಾವಿ ಜಿಲ್ಲೆಯ ಶಿಕ್ಷಣದ ಇತಿಹಾಸದಿಂದ ಒಂದು ಉತ್ತರ

"ಎಷ್ಟು ಓದಿದರೂ ಈಗ ಏನೂ ಸಿಗೂದಿಲ್ಲ" ಎಂಬ ಮಾತು ಇಂದಿನ ಯುವಕರಿಂದ ಮೇಲಿಂದ ಮೇಲೆ ಕೇಳಿಬರುತ್ತಿದೆ. ಹಿಂದಿನ ಕಾಲದಲ್ಲಿ ಮೆಟ್ರಿಕ್ ಪಾಸಾದವನಿಗೆ ನೌಕರಿ ಸಿಗುತ್ತಿತ್ತು, ಈಗ ಡಿಗ್ರಿ ಮುಗಿಸಿದವನೂ ಮನೆಯಲ್ಲಿ ಕೂಡಬೇಕಾಗಿದೆ ಎಂಬುದು ಅವರ ದೂರು. ಹಿರಿಯರ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: "ನಾವು ಕಂದೀಲಿನ ಬೆಳಕಿನಾಗ ಓದಿ ಮೇಲೆ ಬಂದ್ವಿ. ನಿಮಗ ಎಲ್ಲಾ ಐತಿ, ಛಲ ಒಂದ ಇಲ್ಲ." ಮನೆಮನೆಯಲ್ಲಿ ನಡೆಯುವ ಈ ವಾದಕ್ಕೆ ಕೊನೆಯಿಲ್ಲ. ಆದರೆ ಇದನ್ನು ಬಗೆಹರಿಸಲು ನಮ್ಮ ಕೈಯಲ್ಲಿ ಒಂದು ಸಾಧನವಿದೆ. ಅದು ನಮ್ಮದೇ ಜಿಲ್ಲೆಯ ಇತಿಹಾಸ. ಹಿಂದೆ ಕಷ್ಟಪಟ್ಟು ಮೇಲೆ ಬಂದವರು ಹೇಗೆ ಬಂದರು, ಅವರ ಪ್ರಯತ್ನಕ್ಕೆ ಜೊತೆಯಾದದ್ದು ಏನು ಎಂಬುದನ್ನು ನೋಡಿದರೆ, ಇಂದಿನ ಪ್ರಶ್ನೆಗೂ ಉತ್ತರ ಸಿಕ್ಕೀತು.

ಕಾಲೇಜೇ ಇಲ್ಲದ ಕಾಲ

ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1860ರ ದಶಕದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥ ಶಿಕ್ಷಣಾಧಿಕಾರಿಗಳು ಊರೂರು ತಿರುಗಿ ಕನ್ನಡ ಶಾಲೆಗಳನ್ನು ತೆರೆಸಿದರು. ಅದಕ್ಕಿಂತ ಮೊದಲು ಈ ಭಾಗದ ಎಷ್ಟೋ ಹಳ್ಳಿಗಳ ಹುಡುಗರಿಗೆ ಬುದ್ಧಿ ಇತ್ತು, ದುಡಿಯುವ ಶಕ್ತಿ ಇತ್ತು, ಆದರೆ ಹೋಗಲು ಶಾಲೆ ಇರಲಿಲ್ಲ. ಶಾಲೆ ಬಂದ ಮೇಲೂ ಮುಂದಿನ ದಾರಿ ಸುಲಭವಾಗಿರಲಿಲ್ಲ. ಪ್ರಾಂತದ ಕನ್ನಡ ಜಿಲ್ಲೆಗಳಾದ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡಗಳಲ್ಲಿ 1917ರವರೆಗೆ ಒಂದೂ ಕಾಲೇಜು ಇರಲಿಲ್ಲ. ಮೆಟ್ರಿಕ್ ಆದವನು ಪುಣೆಗೋ ಮುಂಬಯಿಗೋ ಹೋಗಬೇಕು. ಅಲ್ಲಿ ಉಳಿಯಲು, ಉಣ್ಣಲು, ಫೀ ಕಟ್ಟಲು ಹಣ ಬೇಕು. ಹಣವಿಲ್ಲದವನ ವಿದ್ಯೆ ಅಲ್ಲಿಗೇ ಮುಗಿಯುತ್ತಿತ್ತು.

1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ದಾದಪ್ಪ ಚಿಂತಪ್ಪ ಪಾವಟೆ ಆ ಕಾಲೇಜಿನಲ್ಲಿ ಓದಿ, ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಹೋಗಿ, ಗಣಿತದಲ್ಲಿ 'ರ‍್ಯಾಂಗ್ಲರ್' ಎಂಬ ಹಿರಿಮೆ ಗಳಿಸಿದರು. ಮುಂದೆ 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದು, ಆ ನಂತರ ಪಂಜಾಬಿನ ರಾಜ್ಯಪಾಲರಾದರು. ಪಾವಟೆಯವರ ಪರಿಶ್ರಮ ಅಸಾಮಾನ್ಯವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಇಪ್ಪತ್ತು ವರ್ಷ ಮೊದಲು ಹುಟ್ಟಿದ್ದರೆ ಧಾರವಾಡದಲ್ಲಿ ಕಾಲೇಜು ಇರುತ್ತಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಅವರಷ್ಟೇ ಬುದ್ಧಿವಂತರಾದ ಎಷ್ಟು ಹುಡುಗರು ಅದಕ್ಕೂ ಮೊದಲು ಹೊಲಮನೆಯಲ್ಲೇ ಉಳಿದರೋ ಲೆಕ್ಕ ಇಟ್ಟವರಿಲ್ಲ.

ನಿಧಿಯಿಂದ ಶಾಲೆ, ಶಾಲೆಯಿಂದ ಕಾಲೇಜು

ಈ ತೊಡಕನ್ನು ಮೊದಲು ಅರಿತವರು ಸಮಾಜದ ಹಿರಿಯರು. 1883ರಲ್ಲಿ ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ದಪ್ಪನವರು ಮತ್ತು ಅರಟಾಳ ರುದ್ರಗೌಡರು ಮುಂದಾಗಿ ಲಿಂಗಾಯತ ವಿದ್ಯಾಭಿವೃದ್ಧಿ ನಿಧಿಯನ್ನು ಕಟ್ಟಿದರು. ಬಡ ಮಕ್ಕಳಿಗೆ ವಿದ್ಯಾರ್ಥಿ ವೇತನ ಕೊಡುವುದು ಅದರ ಮುಖ್ಯ ಕೆಲಸವಾಗಿತ್ತು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ, ಎಚ್. ಎಫ್. ಕಟ್ಟೀಮನಿ ಮೊದಲಾದ ಏಳು ಮಂದಿ ಸೇರಿ ಒಂದು ಶಾಲೆ ಆರಂಭಿಸಿದರು. ಅದಕ್ಕೆ ಗಿಲಗಂಚಿ ಅರಟಾಳರ ಹೆಸರನ್ನೇ ಇಟ್ಟರು. ಅದೇ ಕೆ.ಎಲ್.ಇ. ಸಂಸ್ಥೆಯ ಮೊದಲ ಬೀಜ. 1933ರಲ್ಲಿ ಲಿಂಗರಾಜ ಕಾಲೇಜು, 1963ರಲ್ಲಿ ವೈದ್ಯಕೀಯ ಕಾಲೇಜು ಬಂದವು. 1883ರ ಆ ನಿಧಿಗೆ ವಂತಿಗೆ ಕೊಟ್ಟವರು ವೈದ್ಯಕೀಯ ಕಾಲೇಜನ್ನು ಕಣ್ಣಾರೆ ಕಾಣಲಿಲ್ಲ. ಅದು ಬರಲು ಎಂಬತ್ತು ವರ್ಷ ಹಿಡಿಯಿತು. ಆದರೆ ಅವರು ಕಾಯುತ್ತ ಕೂಡದೆ ತಮ್ಮ ಪಾಲಿನ ಮೆಟ್ಟಿಲನ್ನು ಇಟ್ಟು ಹೋದರು.

ಬೆಳಗಾವಿಗೆ ಹತ್ತಿರದ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1901ರಿಂದ ಒಂದೊಂದೇ ಸಮಾಜದ ಮಕ್ಕಳಿಗೆ ವಸತಿ ನಿಲಯಗಳನ್ನು ತೆರೆಸಿದರು. 1906ರಲ್ಲಿ ಮುಸ್ಲಿಂ ಬೋರ್ಡಿಂಗ್ ಕೂಡ ಆರಂಭವಾಯಿತು. ಬೆಳಗಾವಿಯಲ್ಲಿ 1930ರ ದಶಕದಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಹಳ್ಳಿಯ ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದ ನಿಲಯ ನಡೆಸಿದರು. ನಮ್ಮ ಜಿಲ್ಲೆಯ ನಿಪ್ಪಾಣಿಗೆ 1925ರಲ್ಲಿ ಬಂದು ದಲಿತರ ಪರಿಷತ್ತಿನಲ್ಲಿ ಭಾಗವಹಿಸಿದ ಡಾ. ಅಂಬೇಡ್ಕರರು 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾ ಮಹಾರಾಜರ ವಿದ್ಯಾರ್ಥಿ ವೇತನದಿಂದ. ಹಗಲು ರಾತ್ರಿ ಓದಿದವರು ಅಂಬೇಡ್ಕರರೇ. ಆದರೆ ಹಡಗಿನ ಟಿಕೆಟ್ಟಿಗೆ ಹಣ ಬೇರೆಯವರಿಂದ ಬರಬೇಕಾಯಿತು.

ಮುಸ್ಲಿಂ ಸಮಾಜದ ಹೆಜ್ಜೆಗಳು

ಮುಸ್ಲಿಮರು ಆಧುನಿಕ ಶಿಕ್ಷಣದಲ್ಲಿ ಹಿಂದುಳಿದಿದ್ದಾರೆ, ಅವರಿಗೆ ವಿಶೇಷ ಉತ್ತೇಜನ ಬೇಕು ಎಂದು 1882ರ ಹಂಟರ್ ಆಯೋಗವೇ ಗುರುತಿಸಿತ್ತು. ಅದಕ್ಕೂ ಮೊದಲೇ ಸಮಾಜದ ಮುಂದಾಳುಗಳು ಎಚ್ಚೆತ್ತಿದ್ದರು. 1874ರಲ್ಲಿ ಬದ್ರುದ್ದೀನ್ ತಯ್ಯಬ್ಜಿ ಮತ್ತು ಗೆಳೆಯರು ಮುಂಬಯಿಯಲ್ಲಿ ಅಂಜುಮನ್-ಎ-ಇಸ್ಲಾಂ ಸ್ಥಾಪಿಸಿದರು. 1875ರಲ್ಲಿ ಸರ್ ಸಯ್ಯದ್ ಅಹ್ಮದ್ ಖಾನರು ಅಲಿಗಢದಲ್ಲಿ ಶಾಲೆ ತೆರೆದರು. ಕರ್ನಾಟಕದ ಕರಾವಳಿಯಲ್ಲಿ 1919ರಲ್ಲಿ ಭಟ್ಕಳದ ಅಂಜುಮನ್, ಬೆಂಗಳೂರಿನಲ್ಲಿ 1966ರಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನರ ಅಲ್-ಅಮೀನ್ ಸಂಸ್ಥೆ ಹುಟ್ಟಿದವು. ನಮ್ಮ ಬೆಳಗಾವಿಯಲ್ಲಿಯೂ ಅಂಜುಮನ್ನಿನ ಶಿಕ್ಷಣ ಸಂಸ್ಥೆಗಳು ಬೆಳೆದವು.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನ ಎಲ್ಲರಿಗೂ ಗೊತ್ತು. ಗಾಂಧೀಜಿ ಅಧ್ಯಕ್ಷರಾದ ಏಕೈಕ ಅಧಿವೇಶನ ಅದು. ಅವರಿಗೆ ಅಧ್ಯಕ್ಷ ಸ್ಥಾನವನ್ನು ಬಿಟ್ಟುಕೊಟ್ಟವರು ಹಿಂದಿನ ವರ್ಷದ ಅಧ್ಯಕ್ಷರಾದ ಮೌಲಾನಾ ಮುಹಮ್ಮದ್ ಅಲಿ. ಅವರು ಆಕ್ಸ್‌ಫರ್ಡಿನಲ್ಲಿ ಓದಿದವರು. ಆದರೆ ಅವರ ವಿದ್ಯೆಯ ಹಿಂದೆ ಇದ್ದವರು ತಾಯಿ ಆಬಾದಿ ಬಾನೊ ಬೇಗಂ, ಜನ ಪ್ರೀತಿಯಿಂದ ಕರೆದ 'ಬಿ ಅಮ್ಮಾ'. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಆ ತಾಯಿ, ಇಂಗ್ಲಿಷ್ ಶಿಕ್ಷಣ ಬೇಡವೆಂದ ಬಂಧುಗಳ ಮಾತಿಗೆ ಬಗ್ಗದೆ, ತಮ್ಮ ಒಡವೆಗಳನ್ನು ಒತ್ತೆ ಇಟ್ಟು ಮಕ್ಕಳನ್ನು ಶಾಲೆಗೆ ಕಳಿಸಿದರು. ಬೆಳಗಾವಿ ಅಧಿವೇಶನಕ್ಕೆ ಇನ್ನೂ ಒಂದೂವರೆ ತಿಂಗಳಿರುವಾಗ, 1924ರ ನವೆಂಬರಿನಲ್ಲಿ, ಅವರು ತೀರಿಕೊಂಡರು. ತಾವು ಶಾಲೆ ಕಾಣದ ಒಬ್ಬ ತಾಯಿ ಮಕ್ಕಳಿಗಾಗಿ ಏನು ಮಾಡಬಲ್ಲಳು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ನಮ್ಮ ಜಿಲ್ಲೆಯವರೇ ಆದ ಡಾ. ಎಂ. ಅಕಬರ ಅಲಿಯವರನ್ನು ಇಲ್ಲಿ ಸ್ಮರಿಸಬೇಕು. 1925ರಲ್ಲಿ ಹುಕ್ಕೇರಿ ತಾಲ್ಲೂಕಿನ ಉಳ್ಳಾಗಡ್ಡಿ-ಖಾನಾಪುರದಲ್ಲಿ ಹುಟ್ಟಿದರು (ಇದು ಮಲಪ್ರಭೆಯ ದಂಡೆಯ ನಮ್ಮ ಖಾನಾಪುರವಲ್ಲ, ಬೇರೆ ಊರು). ಹಳ್ಳಿಯ ಮುಸ್ಲಿಂ ಮನೆತನದಿಂದ ಬಂದ ಅವರು ಸರ್ವಜ್ಞನ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಕನ್ನಡದ ಕವಿಯಾಗಿ, ಅಧ್ಯಾಪಕರಾಗಿ ನಾಡಿಗೆ ಪರಿಚಿತರಾದರು. ನಾಡಿನ ಭಾಷೆಯನ್ನು ತಮ್ಮದೆಂದು ಕಲಿತದ್ದು ಅವರನ್ನು ಎಲ್ಲಿಯವರೆಗೆ ಕರೆದೊಯ್ಯಿತು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು.

ಇಂದಿನ ಸ್ಥಿತಿ

ಇನ್ನು ಇಂದಿನ ಮಾತಿಗೆ ಬರೋಣ. ಅಂದಿನ ಹುಡುಗ ಕನಸಿನಲ್ಲೂ ಕಾಣದ ಸೌಕರ್ಯಗಳು ಇಂದು ಜಿಲ್ಲೆಯಲ್ಲೇ ಇವೆ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿ ಸ್ಥಾಪನೆಯಾಯಿತು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. ವೃತ್ತಿ ಶಿಕ್ಷಣದ ಸೀಟುಗಳಿಗೆ 1994ರಿಂದ ಸಿ.ಇ.ಟಿ. ಪದ್ಧತಿ ಇದೆ. ಎಸ್.ಎಸ್.ಎಲ್.ಸಿ. ನಂತರ ಡಿಪ್ಲೊಮಾ ಮಾಡಿದ ಹುಡುಗ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರಬಹುದು. ಬೆಳಗಾವಿಯ ಫೌಂಡ್ರಿಗಳಲ್ಲಿ, ಉದ್ಯಮಬಾಗದ ಕಾರ್ಖಾನೆಗಳಲ್ಲಿ ಕೈಕೆಲಸ ಬಲ್ಲವರಿಗೆ ಬೆಲೆ ಇದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಯೋಜನೆ ವೃತ್ತಿ ಶಿಕ್ಷಣದ ವಿದ್ಯಾರ್ಥಿಗಳಿಗಾಗಿಯೇ ಇದೆ. 2023ರ ಜೂನಿನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ದೊರೆತಿದ್ದರಿಂದ, ಖಾನಾಪುರದಿಂದ ಸುಮಾರು 25 ಕಿ.ಮೀ. ದೂರದ ಬೆಳಗಾವಿ ಕಾಲೇಜಿಗೆ ಬರಲು ಬಸ್ ಚಾರ್ಜಿನ ಅಡ್ಡಿ ಇಲ್ಲ.

ಹಾಗೆಂದು ಯುವಕರ ದೂರು ಬರೀ ಸೋಮಾರಿತನದ ನೆಪ ಎನ್ನಲಾಗದು. 2006ರ ಸಾಚಾರ್ ಸಮಿತಿಯ ವರದಿಯ ಪ್ರಕಾರ 6ರಿಂದ 14 ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮುಖ ನೋಡಿರಲಿಲ್ಲ ಅಥವಾ ನಡುವೆಯೇ ಬಿಟ್ಟಿದ್ದರು. ಪದವಿ ಪಡೆದವರು ದೇಶದ ಸರಾಸರಿಯಲ್ಲಿ ಶೇ. 7ರಷ್ಟಿದ್ದರೆ, ಮುಸ್ಲಿಮರಲ್ಲಿ ಶೇ. 4ಕ್ಕಿಂತ ಕಡಿಮೆ. ಐ.ಎ.ಎಸ್. ಅಧಿಕಾರಿಗಳಲ್ಲಿ ಮುಸ್ಲಿಮರು ಕೇವಲ ಶೇ. 3. ಕರ್ನಾಟಕದ ಲೆಕ್ಕವನ್ನೂ ಗಮನಿಸಬೇಕು. 2001ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 66.6 ಇದ್ದರೆ, ರಾಜ್ಯದ ಮುಸ್ಲಿಮರ ಸಾಕ್ಷರತೆ ಶೇ. 70.1 ಇತ್ತು. ಅಂದರೆ ಓದುಬರಹ ಕಲಿಯುವುದರಲ್ಲಿ ನಮ್ಮವರು ಸರಾಸರಿಗಿಂತ ಮುಂದೆಯೇ ಇದ್ದರು. ಆದ್ದರಿಂದ ಕಲಿಯುವ ಮನಸ್ಸಿಲ್ಲ ಎಂಬ ಆರೋಪ ನಿಲ್ಲುವುದಿಲ್ಲ. ನಮ್ಮ ನಷ್ಟ ಆಗುತ್ತಿರುವುದು ಎಸ್.ಎಸ್.ಎಲ್.ಸಿ. ಮತ್ತು ಪದವಿಯ ನಡುವಿನ ದಾರಿಯಲ್ಲಿ. ಗ್ಯಾರೇಜು, ಹಣ್ಣಿನ ಗಾಡಿ, ಹಂಚಿನ ಭಟ್ಟಿ ಮಕ್ಕಳನ್ನು ಎಳೆದುಕೊಳ್ಳುವುದು ಅಲ್ಲಿಯೇ.

ಕೆಲವು ಮೆಟ್ಟಿಲುಗಳು ಈಚೆಗೆ ಕಳಚಿಯೂ ಹೋಗಿವೆ. 1ರಿಂದ 8ನೆಯ ತರಗತಿಯ ಅಲ್ಪಸಂಖ್ಯಾತ ಮಕ್ಕಳಿಗೆ ಸಿಗುತ್ತಿದ್ದ ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿ ವೇತನ 2022-23ರಿಂದ ನಿಂತಿತು. ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಜಾದ್ ಫೆಲೋಶಿಪ್ ಕೂಡ ಆಗಲೇ ಹೊಸಬರಿಗೆ ಮುಚ್ಚಿತು. ಖಾನಾಪುರದ ಅಡವಿಯಂಚಿನ ಊರುಗಳಾದ ಆಮಗಾವ, ಗವಾಳಿಗಳಿಗೆ ಮಳೆಗಾಲದಲ್ಲಿ ಹಳ್ಳಗಳು ತುಂಬಿದರೆ ದಾರಿಯೇ ಇರುವುದಿಲ್ಲ. ಆ ಊರಿನ ಮಗು ಯಾವ ಜಾತಿ ಧರ್ಮದ್ದೇ ಇರಲಿ, ಅದರ ಪ್ರಯತ್ನಕ್ಕೂ ಬೆಳಗಾವಿ ನಗರದ ಮಗುವಿನ ಪ್ರಯತ್ನಕ್ಕೂ ಒಂದೇ ಅಳತೆಗೋಲು ಹಿಡಿಯುವುದು ನ್ಯಾಯವಲ್ಲ.

ಇನ್ನೊಂದು ತೊಡಕು ಭಾಷೆಯದು. ಇಲ್ಲಿ ಮನೆಯಲ್ಲಿ ಉರ್ದು, ಬಜಾರಿನಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಉರ್ದು ಅಥವಾ ಮರಾಠಿ ಮಾಧ್ಯಮದಲ್ಲಿ ಓದಿದ ಬುದ್ಧಿವಂತ ಹುಡುಗನೂ ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಕನ್ನಡ ಭಾಷೆಯ ಪರೀಕ್ಷೆಯಲ್ಲಿ ಎಡವುತ್ತಾನೆ. ಆದರೆ ಈ ತೊಡಕಿನಲ್ಲೇ ಒಂದು ಅನುಕೂಲವೂ ಇದೆ. ನಾಲ್ಕು ಭಾಷೆಗಳನ್ನು ಕಿವಿಯಲ್ಲಿ ಇಟ್ಟುಕೊಂಡೇ ಬೆಳೆಯುವ ಮಕ್ಕಳು ಬೇರೆ ಕಡೆ ಸಿಗುವುದು ಅಪರೂಪ. ಕಿವಿಯಲ್ಲಿರುವುದನ್ನು ಕೈಬರಹಕ್ಕೆ ಇಳಿಸುವುದಷ್ಟೇ ಬಾಕಿ.

ಉತ್ತರ

ಹಾಗಾದರೆ ಪರಿಶ್ರಮಕ್ಕೆ ಇಂದು ದಾರಿ ಇದೆಯೇ? ಇದೆ ಎಂದೇ ಇತಿಹಾಸ ಹೇಳುತ್ತದೆ. ಆದರೆ ಪರಿಶ್ರಮ ಒಂಟಿಯಾಗಿ ಗೆದ್ದ ಕಾಲ ಅಂದೂ ಇರಲಿಲ್ಲ. ಪಾವಟೆಯವರಿಗೆ ಧಾರವಾಡದ ಕಾಲೇಜು, ಅಂಬೇಡ್ಕರರಿಗೆ ಬರೋಡಾದ ವೇತನ, ಮುಹಮ್ಮದ್ ಅಲಿಯವರಿಗೆ ತಾಯಿಯ ಒಡವೆ ಜೊತೆಗಿದ್ದವು. "ನಾವು ಯಾರ ನೆರವಿಲ್ಲದೆ ಬೆಳೆದೆವು" ಎನ್ನುವ ಹಿರಿಯರು ತಮಗೆ ಪುಸ್ತಕ ಕೊಡಿಸಿದ ಮಾಸ್ತರರನ್ನು, ಊಟ ಹಾಕಿದ ಮನೆಯನ್ನು ಒಮ್ಮೆ ನೆನೆಯಲಿ. "ನಮಗೆ ಅವಕಾಶವೇ ಇಲ್ಲ" ಎನ್ನುವ ಯುವಕರು, ಕಾಲೇಜೇ ಇಲ್ಲದ ಜಿಲ್ಲೆಯಿಂದ ಹೊರಟವರನ್ನು ನೆನೆಯಲಿ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಪಾಲಿನ ಕೆಲಸ ನೀವೇ ಮಾಡಬೇಕು. ಎಸ್.ಎಸ್.ಎಲ್.ಸಿ. ಆದ ಕೂಡಲೇ ದುಡಿಮೆಗೆ ಇಳಿಯುವ ಮೊದಲು ಐ.ಟಿ.ಐ., ಡಿಪ್ಲೊಮಾ, ಪಿ.ಯು. ದಾರಿಗಳನ್ನು ವಿಚಾರಿಸಿರಿ. ಕನ್ನಡವನ್ನು ಪರೀಕ್ಷೆಗಾಗಿ ಮಾತ್ರವಲ್ಲ, ಬದುಕಿಗಾಗಿ ಕಲಿಯಿರಿ. ಅರ್ಜಿಯ ಕೊನೆಯ ದಿನಾಂಕ ತಪ್ಪಿಸಬೇಡಿರಿ.

ಸಂಘದ ಸದಸ್ಯ ಬಾಂಧವರೇ, ನಮ್ಮ ಪಾಲು ಇನ್ನೂ ದೊಡ್ಡದು. ಸರ್ಕಾರದ ವೇತನ ನಿಂತಲ್ಲಿ ನಮ್ಮ ನಿಧಿ ನಿಲ್ಲಬೇಕು. ಖಾನಾಪುರದ ಮಗು ಬೆಳಗಾವಿಯಲ್ಲಿ ಉಳಿದು ಓದಲು ಒಂದು ಕೋಣೆ, ಎರಡು ಹೊತ್ತಿನ ಊಟ, ಸಂಜೆ ಕನ್ನಡ ಮತ್ತು ಗಣಿತ ಹೇಳಿಕೊಡುವ ಒಬ್ಬ ಶಿಕ್ಷಕರು ಸಿಕ್ಕರೆ ಸಾಕು. ಓದಿ ನೌಕರಿ ಹಿಡಿದ ಪ್ರತಿಯೊಬ್ಬ ಹಳೆಯ ವಿದ್ಯಾರ್ಥಿ ಒಂದು ಮಗುವಿನ ಒಂದು ವರ್ಷದ ಖರ್ಚು ಹೊತ್ತರೂ ಇದು ಅಸಾಧ್ಯವಲ್ಲ. 1883ರಲ್ಲಿ ನಿಧಿ ಕಟ್ಟಿದವರು ಎಂಬತ್ತು ವರ್ಷದ ಲೆಕ್ಕ ಹಾಕಲಿಲ್ಲ, ಮೊದಲ ವರ್ಷದ ವಂತಿಗೆಯನ್ನು ಕೂಡಿಸಿದರು. ನಾವೂ ಈ ವರ್ಷದ ವಂತಿಗೆಯಿಂದಲೇ ತೊಡಗೋಣ.