ಅಧ್ಯಾಪಕರ ಮನೆ: ವಿಶ್ವವಿದ್ಯಾನಿಲಯದ ಚರಿತ್ರೆಗೆ ಒಂದು ಆಕರ

ವಿಶ್ವವಿದ್ಯಾನಿಲಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆಶ್ರಯಿಸುವ ಆಕರಗಳೆಂದರೆ ಅಧಿನಿಯಮಗಳು, ಸೆನೆಟ್ಟಿನ ನಡವಳಿಗಳು, ವಾರ್ಷಿಕ ವರದಿಗಳು ಮತ್ತು ಘಟಿಕೋತ್ಸವದ ಭಾಷಣಗಳು. ಸಂಸ್ಥೆಯ ಹುಟ್ಟು, ವಿಭಾಗಗಳ ಬೆಳವಣಿಗೆ, ಕಟ್ಟಡಗಳ ನಿರ್ಮಾಣ ಮೊದಲಾದ ಸಂಗತಿಗಳು ಇವುಗಳಿಂದ ತಿಳಿದುಬರುತ್ತವೆ. ಆದರೆ ಅಲ್ಲಿ ದುಡಿದ ಅಧ್ಯಾಪಕರ ದಿನ ಹೇಗೆ ಸಾಗುತ್ತಿತ್ತು, ಓದುಬರಹಕ್ಕೆ ಅವರಿಗೆ ಬಿಡುವು ಎಲ್ಲಿಂದ ದೊರೆಯಿತು, ಆ ಬಿಡುವನ್ನು ಯಾರು ಒದಗಿಸಿಕೊಟ್ಟರು ಎಂಬ ಪ್ರಶ್ನೆಗಳಿಗೆ ಅವುಗಳಲ್ಲಿ ಉತ್ತರ ದೊರೆಯುವುದಿಲ್ಲ. ಮೈಸೂರಿನ ನಿದರ್ಶನವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ನಾವು ಇಲ್ಲಿ ಪರಿಶೀಲಿಸಲಿದ್ದೇವೆ.

ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು 1916ರ ಜುಲೈ 27ರಂದು. ಅದರ ಮೊದಲ ವರ್ಷಗಳ ನೆನಪುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು 1921ರದು. ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸುತ್ತಿದ್ದ ಎಸ್. ರಾಧಾಕೃಷ್ಣನ್ ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ, ತಾವೇ ಅದನ್ನು ರೈಲು ನಿಲ್ದಾಣದವರೆಗೆ ಎಳೆದೊಯ್ದರು. ಗುರುಶಿಷ್ಯರ ಬಾಂಧವ್ಯಕ್ಕೆ ಇದು ಸುಂದರವಾದ ಸಾಕ್ಷಿ. ಆದರೆ ಇದು ಒಂದು ದಿನದ ಸಾಕ್ಷಿ. 1918ರಿಂದ ಮೂರು ವರ್ಷಗಳ ಕಾಲ ನಡೆದ ನಿತ್ಯದ ಪಾಠಪ್ರವಚನಗಳೇ ಆ ದಿನವನ್ನು ಸಾಧ್ಯವಾಗಿಸಿದವು. ಜನರ ನೆನಪು ಉತ್ಸವವನ್ನು ಉಳಿಸಿಕೊಂಡಿತು. ಉತ್ಸವಕ್ಕೆ ಕಾರಣವಾದ ಸಾಮಾನ್ಯ ದಿನಗಳನ್ನು ಬಿಟ್ಟುಬಿಟ್ಟಿತು.

ಕನ್ನಡ ವಿಭಾಗದ ವಿಷಯದಲ್ಲಿ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಕನ್ನಡದಲ್ಲಿ ಎಂ. ಎ. ತರಗತಿಯು ಆರಂಭವಾದುದು 1927ರಲ್ಲಿ. ಹಳಗನ್ನಡ ಕಾವ್ಯಗಳ ಶುದ್ಧವಾದ ಮುದ್ರಿತ ಪಾಠಗಳು ಆಗ ವಿರಳ. ಪಾಠ ಹೇಳಬೇಕಾದವರೇ ಗ್ರಂಥಗಳನ್ನು ಪರಿಷ್ಕರಿಸಬೇಕಾಗಿತ್ತು, ಸಂಗ್ರಹಿಸಬೇಕಾಗಿತ್ತು. ಟಿ. ಎಸ್. ವೆಂಕಣ್ಣಯ್ಯನವರೂ ಎ. ಆರ್. ಕೃಷ್ಣಶಾಸ್ತ್ರಿಗಳೂ ಕೂಡಿ ಹರಿಶ್ಚಂದ್ರ ಕಾವ್ಯದ ಸಂಗ್ರಹವನ್ನು ಸಿದ್ಧಪಡಿಸಿದರು, ಡಿ. ಎಲ್. ನರಸಿಂಹಾಚಾರ್ಯರ ವಡ್ಡಾರಾಧನೆಯ ಆವೃತ್ತಿ 1949ರಲ್ಲಿ ಹೊರಬಂದಿತು. ಪಾಠಾಂತರಗಳನ್ನು ಹೋಲಿಸಿ ನೋಡುವ ಇಂತಹ ಕೆಲಸವು ಗಂಟೆ ಬಾರಿಸಿದೊಡನೆ ಮುಗಿಯುವಂತಹುದಲ್ಲ. ಕಾಲೇಜಿನ ವೇಳಾಪಟ್ಟಿಯಲ್ಲಿ ಅದಕ್ಕೆ ಸ್ಥಾನವೂ ಇಲ್ಲ. ಆದಕಾರಣ ಅದರ ಬಹುಭಾಗವು ಮನೆಯ ಹೊತ್ತಿನಲ್ಲಿಯೇ ನಡೆಯಬೇಕಾಗುತ್ತದೆ. ವಿಭಾಗದ ಚರಿತ್ರೆಯ ಒಂದಂಶವು ವಿಭಾಗದ ಕಟ್ಟಡದಿಂದ ಹೊರಗಿದೆಯೆಂದು ನಾವು ಹೇಳುವುದು ಈ ಕಾರಣದಿಂದ.

ಈ ಅಂಶವನ್ನು ತಿಳಿಯಲು ಕುವೆಂಪು ಅವರ ಜೀವನವು ವಿಶೇಷವಾಗಿ ನೆರವಾಗುತ್ತದೆ. ಕನ್ನಡ ಎಂ. ಎ. ತರಗತಿಯ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರಾದ ಅವರು 1929ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದರು. 1955ರಲ್ಲಿ ಅದರ ಪ್ರಿನ್ಸಿಪಾಲರಾಗಿ, 1956ರಿಂದ 1960ರವರೆಗೆ ಕುಲಪತಿಗಳಾಗಿ ಸೇವೆ ಸಲ್ಲಿಸಿದರು. ಮೊದಲು ಅವರು ಮೈಸೂರಿನ ಶ್ರೀರಾಮಕೃಷ್ಣಾಶ್ರಮದಲ್ಲಿ ವಾಸವಾಗಿದ್ದರು. 1937ರಲ್ಲಿ ಹೇಮಾವತಿಯವರನ್ನು ವಿವಾಹವಾದ ಮೇಲೆ ಒಂಟಿಕೊಪ್ಪಲಿನ ‘ಉದಯರವಿ’ಯಲ್ಲಿ ನೆಲೆಸಿದರು. 1936ರಲ್ಲಿ ಆರಂಭವಾದ ‘ಶ್ರೀರಾಮಾಯಣ ದರ್ಶನಂ’ ಮುಗಿಯಲು ಸುಮಾರು ಒಂಬತ್ತು ವರ್ಷಗಳು ಹಿಡಿದವು. ಹಿರಿಯ ಮಗ ಪೂರ್ಣಚಂದ್ರ ತೇಜಸ್ವಿಯವರು ಜನಿಸಿದುದು 1938ರಲ್ಲಿ. ಹೀಗೆ ಮಹಾಕಾವ್ಯದ ರಚನೆ, ಕಾಲೇಜಿನ ಪಾಠ, ಎಳೆಯ ಮಕ್ಕಳ ಪೋಷಣೆ ಇವು ಏಕಕಾಲದಲ್ಲಿ ನಡೆದಿವೆ. ಕಾವ್ಯವನ್ನು ಕವಿಯು ತನ್ನ ಗುರು ವೆಂಕಣ್ಣಯ್ಯನವರಿಗೆ ಅರ್ಪಿಸಿದ್ದಾರೆ. ಗುರುವಿನ ಋಣವು ಹೀಗೆ ಗ್ರಂಥದ ಮೊದಲಲ್ಲಿಯೇ ದಾಖಲೆಗೊಂಡಿದೆ. ಮನೆಯವರ ಋಣವನ್ನು ಅರಿಯಲು ನಾವು ಬೇರೆಡೆ ಹುಡುಕಬೇಕು.

ಇದಕ್ಕೆ ಮೂರು ಗ್ರಂಥಗಳು ನಮಗೆ ಲಭ್ಯವಾಗಿವೆ: ಕುವೆಂಪು ಅವರ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’, ತೇಜಸ್ವಿಯವರ ‘ಅಣ್ಣನ ನೆನಪು’, ಮಗಳು ತಾರಿಣಿಯವರ ‘ಮಗಳು ಕಂಡ ಕುವೆಂಪು’. ಆತ್ಮಕಥೆಯಲ್ಲಿ ಪ್ರಧಾನವಾದುದು ಕವಿಯ ಅಂತರಂಗ. ಮಕ್ಕಳ ಗ್ರಂಥಗಳಲ್ಲಿ ಕಾಣುವವರು ಮನೆಯ ಯಜಮಾನರು, ತಂದೆ. ಒಂದೇ ವ್ಯಕ್ತಿಯನ್ನು ಒಳಗಿನಿಂದಲೂ ಪಕ್ಕದಿಂದಲೂ ನೋಡುವ ಅವಕಾಶವಿದು. ಆದರೆ ಆಕರಗಳನ್ನು ಪರೀಕ್ಷಿಸದೆ ಸ್ವೀಕರಿಸುವಂತಿಲ್ಲ. ಕುವೆಂಪು ಅವರು ತೀರಿಕೊಂಡುದು 1994ರಲ್ಲಿ. ‘ಅಣ್ಣನ ನೆನಪು’ ಗ್ರಂಥರೂಪ ತಾಳಿದುದು ಅನಂತರ, 1996ರಲ್ಲಿ. ಬಾಲ್ಯದ ಸಂಗತಿಗಳನ್ನು ಅಲ್ಲಿ ಬರೆಯುತ್ತಿರುವವರು ಐವತ್ತು ದಾಟಿದ, ತಾವೂ ಪ್ರಸಿದ್ಧರಾದ ಲೇಖಕರು. ದಿನಾಂಕ, ಮೊತ್ತಗಳ ನಿಷ್ಕರ್ಷೆಗೆ ಇಂತಹ ಬರಹವನ್ನು ಒಂದನ್ನೇ ನಂಬಲಾಗದು. ಮನೆಯ ವಾತಾವರಣವನ್ನು ಅರಿಯಲು ಇದಕ್ಕಿಂತ ಉತ್ತಮವಾದ ಸಾಕ್ಷ್ಯವೂ ದುರ್ಲಭ.

ಇನ್ನೊಂದು ಮಿತಿ ಹೆಚ್ಚು ಗಂಭೀರವಾದುದು. ಮೂರು ಗ್ರಂಥಗಳಿಗೂ ಕೇಂದ್ರವಾಗಿರುವವರು ಅಧ್ಯಾಪಕರೇ. ಮಕ್ಕಳ ನೆನಪಿನಲ್ಲಿ ತಾಯಿ ಬರುತ್ತಾರೆ, ನಿಜ. ಆದರೆ ಗ್ರಂಥದ ಹೆಸರು ತಂದೆಯದು. ಬಂದವರಿಗೆ ಊಟೋಪಚಾರ, ತಿಂಗಳ ಸಂಬಳದಲ್ಲಿ ಮನೆವಾರ್ತೆಯನ್ನು ತೂಗಿಸುವುದು, ಬರೆಯುವ ಕೋಣೆಯ ಬಳಿ ಮಕ್ಕಳ ಗಲಾಟೆ ಆಗದಂತೆ ನೋಡಿಕೊಳ್ಳುವುದು: ಆ ತಲೆಮಾರಿನ ಅಧ್ಯಾಪಕರ ಮನೆಗಳಲ್ಲಿ ಇವೆಲ್ಲ ಸಾಮಾನ್ಯವಾಗಿ ಹೆಂಗಸರ ಪಾಲಿನ ದುಡಿಮೆ. ಇದಕ್ಕೆ ಸಂಬಳವಿರಲಿಲ್ಲ, ಪದವಿಯಿರಲಿಲ್ಲ. ವಾರ್ಷಿಕ ವರದಿಯಲ್ಲಿ ಒಂದು ಸಾಲೂ ಇರಲಿಲ್ಲ. ಪತ್ನಿಯೇ ಲೇಖನಿ ಹಿಡಿದಾಗ ಚಿತ್ರ ಎಷ್ಟು ಬದಲಾಗುತ್ತದೆಂಬುದನ್ನು ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’ ತೋರಿಸಿಕೊಟ್ಟಿದೆ. ತೇಜಸ್ವಿಯವರು ಅಧ್ಯಾಪಕರಾಗಿರಲಿಲ್ಲವಾದರೂ, ಲೇಖಕನ ಕೆಲಸವನ್ನೂ ಸಂಸಾರವನ್ನೂ ಒಟ್ಟಿಗೆ ಕಾಣಲು ಆ ಗ್ರಂಥವು ಮಾದರಿಯಾಗಬಲ್ಲದು.

ಎಲ್ಲ ಅಧ್ಯಾಪಕರೂ ಸಂಸಾರಿಗಳೇ ಆಗಿದ್ದರೆ ಎಂದು ಯಾರಾದರೂ ಕೇಳಬಹುದು. ಅಲ್ಲ. ಭೌತಶಾಸ್ತ್ರದ ಪ್ರಾಧ್ಯಾಪಕರಾದ ಎಚ್. ನರಸಿಂಹಯ್ಯನವರು ಅವಿವಾಹಿತರಾಗಿ, ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ಬಾಳಿದರು. ಅಲ್ಲಿ ಕಾಲೇಜೇ ಮನೆ, ವಿದ್ಯಾರ್ಥಿಗಳೇ ಕುಟುಂಬ. ಈ ನಿದರ್ಶನವು ನಮ್ಮ ಅಭಿಪ್ರಾಯಕ್ಕೆ ಬಾಧಕವಲ್ಲ. ಅಧ್ಯಾಪಕರ ಬಿಡುವಿಗೆ ಒಂದು ವ್ಯವಸ್ಥೆ ಆಧಾರವಾಗಿರಲೇಬೇಕೆಂಬುದು, ಅದು ಆಶ್ರಮವಾಗಲಿ, ವಿದ್ಯಾರ್ಥಿನಿಲಯವಾಗಲಿ, ಸಂಸಾರವಾಗಲಿ, ಇದರಿಂದ ಇನ್ನಷ್ಟು ಸ್ಪಷ್ಟವಾಗುತ್ತದೆ.

1960ರಲ್ಲಿ ಕುಕ್ಕರಹಳ್ಳಿ ಕೆರೆಯ ಬಳಿ ಮಾನಸಗಂಗೋತ್ರಿಯು ರೂಪುಗೊಂಡಿತು. ಸ್ನಾತಕೋತ್ತರ ವಿಭಾಗಗಳಿಗೆ ತಮ್ಮದೇ ಆದ ನೆಲೆ ದೊರೆಯಿತು. ಆ ಹೆಸರನ್ನಿತ್ತವರು ಕುವೆಂಪು. ಕಟ್ಟಡಗಳ ನಕ್ಷೆಗಳೂ ಕಡತಗಳೂ ಕಚೇರಿಯ ಕಾವಲಿನಲ್ಲಿ ಉಳಿಯುತ್ತವೆ. ಮನೆಯ ಕಾಗದಗಳಿಗೆ ಅಂತಹ ಕಾವಲಿಲ್ಲ. ಲೆಕ್ಕದ ಪುಸ್ತಕ, ಬಂಧುಗಳ ಪತ್ರ, ಅಂಚಿನಲ್ಲಿ ಟಿಪ್ಪಣಿ ಬರೆದ ಪಠ್ಯ, ಪಾಠದ ಕರಡು ಇವು ಮನೆ ಬದಲಾದಾಗ, ಮಕ್ಕಳು ಪಾಲಾದಾಗ ಹಳೆಯ ಕಾಗದದವರ ತಕ್ಕಡಿಗೆ ಹೋಗುತ್ತವೆ. ಆ ತಲೆಮಾರನ್ನು ಕಣ್ಣಾರೆ ಕಂಡ ಮಕ್ಕಳೂ ಈಗ ವೃದ್ಧರಾಗಿದ್ದಾರೆ.

ಆದಕಾರಣ ವಿಭಾಗಗಳು ಎರಡು ಕೆಲಸಗಳನ್ನು ತಡಮಾಡದೆ ಕೈಗೊಳ್ಳಬೇಕೆಂದು ನಮ್ಮ ಸೂಚನೆ. ಮೊದಲನೆಯದು, ನಿವೃತ್ತ ಹಾಗೂ ದಿವಂಗತ ಅಧ್ಯಾಪಕರ ಮನೆಗಳಲ್ಲಿ ಉಳಿದಿರುವ ಕಾಗದಪತ್ರಗಳನ್ನು, ಮನೆಯವರ ಒಪ್ಪಿಗೆಯಿಂದ, ಪಟ್ಟಿಮಾಡುವುದು. ಎರಡನೆಯದು, ಆ ಮನೆಗಳ ಹಿರಿಯರ, ಮುಖ್ಯವಾಗಿ ಹೆಂಗಸರ, ಹೇಳಿಕೆಗಳನ್ನು ಬರೆದಿಡುವುದು. ಅವರನ್ನು ಅಧ್ಯಾಪಕರ ವಿಷಯವನ್ನಷ್ಟೇ ಕೇಳಿದರೆ ಸಾಲದು. ಅವರ ಸ್ವಂತ ದಿನ ಹೇಗೆ ಕಳೆಯಿತೆಂಬುದನ್ನೂ ಕೇಳಬೇಕು. ವಿದ್ವತ್ತಿನ ಫಲವನ್ನು ಗ್ರಂಥಾಲಯಗಳು ಕಾಪಾಡಿಕೊಂಡು ಬಂದಿವೆ. ಆ ಫಲಕ್ಕೆ ನೀರೆರೆದವರ ಹೆಸರನ್ನು ಕಾಪಾಡುವ ಹೊಣೆ ಚರಿತ್ರಕಾರರದು.