ಹೊಸಿಲು ನೆಲದಿಂದ ಎಷ್ಟು ಮೇಲೆ?

ಸ್ವಂತದ್ದೊಂದು ಮನೆ ಕಟ್ಟಿಸಬೇಕೆಂಬ ಹಂಬಲ ನಮ್ಮಂಥ ಹೊರನಾಡಿಗರಲ್ಲಿ ಬಹುಮಂದಿಗೆ ಇದ್ದದ್ದೇ. ಊರಿನಲ್ಲಾಗದಿದ್ದರೆ ಪುಣೆಯ ಅಂಚಿನಲ್ಲೋ ಹೈದರಾಬಾದಿನ ಹೊಸ ಬಡಾವಣೆಯಲ್ಲೋ ಒಂದು ನಿವೇಶನ ಕೊಳ್ಳುತ್ತೇವೆ. ನಾಲ್ಕು ದಿನದ ರಜೆ ಹಾಕಿ ಹೋಗಿ, ಗುದ್ದಲಿ ಪೂಜೆ ಮುಗಿಸಿ, ಇನ್ನೇನು ರೈಲು ಹತ್ತಬೇಕೆನ್ನುವಾಗ ಮೇಸ್ತ್ರಿ ಕೇಳುತ್ತಾನೆ: “ಸ್ವಾಮೀ, ಪಾಯ ಎಷ್ಟೆತ್ತರಕ್ಕೆ ಏರಿಸಲಿ?” ಗೋಡೆಯ ಬಣ್ಣ, ಬಾಗಿಲ ಕೆತ್ತನೆ, ಅಡುಗೆಮನೆಯ ಕಟ್ಟೆ ಇವುಗಳ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸಿದ ನಾವು ಈ ಒಂದು ಪ್ರಶ್ನೆಗೆ ಮಾತ್ರ “ಎಲ್ಲರೂ ಎಷ್ಟಿಡುತ್ತಾರೋ ಅಷ್ಟಿಡಪ್ಪ” ಎಂದುಬಿಡುತ್ತೇವೆ. ಬಣ್ಣವನ್ನಾದರೆ ಮುಂದಿನ ದೀಪಾವಳಿಗೆ ಬದಲಿಸಬಹುದು. ನೆಲಕ್ಕೆ ಕಾಂಕ್ರೀಟು ಬಿದ್ದ ಮೇಲೆ ಅದನ್ನು ತಿದ್ದುವುದು ಸುಲಭವಲ್ಲ.

ನಮ್ಮ ಹಿರಿಯರು ಇದನ್ನು ಹಗುರವಾಗಿ ಎಣಿಸಿದವರಲ್ಲ. ಕರಾವಳಿಯ ಕಡೆ ಗೋಡೆ ಏಳುವ ಮೊದಲಿನ ಈ ಭಾಗಕ್ಕೆ ‘ಪಂಚಾಂಗ’ವೆಂದೇ ಹೆಸರು. ಮುರಕಲ್ಲಿನಿಂದ ಪಂಚಾಂಗ ಕಟ್ಟಿ, ಒಳಗೆ ಮಣ್ಣು ತುಂಬಿ, ನೀರು ಹೊಯ್ದು ದಮ್ಮಸು ಮಾಡಿ, ಒಂದು ಮಳೆಗಾಲ ಹಾಗೆಯೇ ಕೂರಲು ಬಿಡುವುದೂ ಉಂಟು. ಮಣ್ಣು ಇಳಿಯುವಷ್ಟು ಇಳಿದ ಮೇಲೆಯೇ ನೆಲ. ಆಷಾಢದ ಮಳೆಗೆ ಸೂರಿನ ನೀರು ಅಂಗಳಕ್ಕೆ ಬಿದ್ದು ಚಿಮ್ಮುತ್ತದಲ್ಲ, ಆ ಚಿಮ್ಮು ಗೋಡೆಯ ಮಣ್ಣನ್ನು ಮುಟ್ಟಬಾರದು. ಅವರ ಲೆಕ್ಕ ಅದು. ಬಯಲುಸೀಮೆಯ ಲೆಕ್ಕ ಬೇರೆ. ವಿಜಾಪುರ, ಧಾರವಾಡದ ಕಡೆಯ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ದನ ಕಟ್ಟುವ ದಂದಕ್ಕಿ, ಅಲ್ಲಿಂದ ಮೇಲೇರಿದರೆ ಪಡಸಾಲೆ. ಒಂದೇ ಸೂರಿನಡಿ ದನಕ್ಕೊಂದು ಮಟ್ಟ, ಮನುಷ್ಯರಿಗೊಂದು ಮಟ್ಟ. ನೆಲದೊಳಗೆ ಹಗೇವು ತೋಡಿ ಜೋಳ ತುಂಬಿಡುತ್ತಿದ್ದ ನಾಡಿಗೆ ತೇವದ ಭಯ ಅಷ್ಟಾಗಿ ಇರಲಾರದು.

ಎತ್ತರಕ್ಕೆ ಇನ್ನೊಂದು ಅರ್ಥವೂ ಇತ್ತು. 1834ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿ ಹಿಂದೂ ವಾಸ್ತುಶಿಲ್ಪವನ್ನು ಕುರಿತ ಇಂಗ್ಲಿಷ್ ಗ್ರಂಥವೊಂದನ್ನು ಪ್ರಕಟಿಸಿತು. ಬರೆದವರು ಬೆಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ರಾಮ್ ರಾಜ್. ‘ಮಾನಸಾರ’ ಮೊದಲಾದ ಶಿಲ್ಪಶಾಸ್ತ್ರಗಳನ್ನು ಆಧುನಿಕ ವಿದ್ವತ್ತಿನ ಮುಂದಿಟ್ಟವರಲ್ಲಿ ಅವರು ಮೊದಲಿಗರು. ಆ ಶಾಸ್ತ್ರಗಳಲ್ಲಿ ಕಟ್ಟಡದ ಬುಡಕ್ಕೆ ಅಧಿಷ್ಠಾನವೆಂದು ಹೆಸರು. ಅದರ ಎತ್ತರ, ಪಟ್ಟಿಕೆಗಳ ಅಳತೆ ಎಲ್ಲವನ್ನೂ ವಿವರವಾಗಿ ಹೇಳಿದೆ. ಆದರೆ ಆ ಎತ್ತರ ಮನೆಯೊಡೆಯನ ವರ್ಣಕ್ಕೆ ತಕ್ಕಂತೆ ಕೆಳಗಿಳಿಯುತ್ತ ಹೋಗುತ್ತದೆ. ಮಳೆಯ ನೀರಿಗೆ ವರ್ಣಭೇದ ತಿಳಿಯದು. ಎಲ್ಲರಿಗಿಂತ ತಗ್ಗಿನಲ್ಲಿ ಕೂರಬೇಕೆಂದು ಶಾಸ್ತ್ರ ಯಾರಿಗೆ ವಿಧಿಸಿತೋ ಅವರ ಮನೆಗೇ ಅದು ಮೊದಲು ನುಗ್ಗುತ್ತಿತ್ತು. ನಮ್ಮ ಹಳೆಯ ಶಾಸ್ತ್ರವನ್ನು ಕೊಂಡಾಡುವಾಗ ಈ ಮಾತನ್ನು ಮರೆಯಬಾರದೆಂದು ನಮ್ಮ ಅಭಿಪ್ರಾಯ.

ಎಲ್ಲರಿಗೂ ಒಂದೇ ಕನಿಷ್ಠ ಎತ್ತರವೆಂಬ ವಿಚಾರ ಬಂದದ್ದು ಬೇರೆ ದಾರಿಯಿಂದ. 1896ರಲ್ಲಿ ಮುಂಬಯಿಗೆ ಪ್ಲೇಗು ಕಾಲಿಟ್ಟಾಗ ಅಧಿಕಾರಿಗಳ ಕಣ್ಣು ಬಿದ್ದದ್ದು ಕತ್ತಲೆಯ, ತೇವದ, ಗಾಳಿಯಾಡದ ಕೋಣೆಗಳ ಮೇಲೆ. ಇಲಿಯ ಚಿಗಟವೇ ರೋಗ ಹರಡುವುದೆಂದು ಆಮೇಲೆ ತಿಳಿಯಿತೆನ್ನಿ. ಆದರೂ ಆ ಭಯದಿಂದಲೇ 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ಮುಂದೆ ದಾದರ್, ಮಾಟುಂಗದ ಬಡಾವಣೆಗಳನ್ನು ರೂಪಿಸಿತು. ನಮ್ಮವರ ಎಷ್ಟೋ ಮನೆತನಗಳು ಬೇರುಬಿಟ್ಟದ್ದು ಅಲ್ಲಿಯೇ. ಒಣನೆಲ, ಗಾಳಿ, ಬೆಳಕು ಇವು ಉಳ್ಳವರ ವೈಭವವಲ್ಲ, ಊರಿನ ಆರೋಗ್ಯದ ಪ್ರಶ್ನೆ ಎಂಬ ತಿಳಿವಳಿಕೆ ಬೆಳೆಯಿತು. 1970ರಲ್ಲಿ ಮೊದಲು ಹೊರಬಂದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಇಂದಿನ ಆವೃತ್ತಿಯಲ್ಲಿ ಪ್ಲಿಂತ್ ಸುತ್ತಲಿನ ನೆಲಕ್ಕಿಂತ 450 ಮಿಲಿಮೀಟರಿಗೆ ಕಡಿಮೆಯಿರಕೂಡದೆಂದಿದೆ. ಎಂದರೆ ಒಂದೂವರೆ ಅಡಿ. ಮೊಳಕೈಯಿಂದ ಬೆರಳ ತುದಿಯವರೆಗೆ ಅಳೆದು ನೋಡಿ: ಸರಿಸುಮಾರು ಒಂದು ಮೊಳ!

ಆದರೆ ಮೊಳ ಹಾಕುವುದು ಯಾವ ನೆಲದಿಂದ? ತೊಡಕೆಲ್ಲ ಇಲ್ಲಿದೆ. ನಮ್ಮ ನಗರಗಳಲ್ಲಿ ರಸ್ತೆ ಹಾಳಾದಾಗಲೆಲ್ಲ ಹಳೆಯದರ ಮೇಲೆಯೇ ಹೊಸ ಡಾಂಬರು ಸುರಿಯುತ್ತ ಬಂದಿದ್ದಾರೆ. ಒಂದೊಂದು ಸಲಕ್ಕೆ ಎರಡು ಮೂರು ಅಂಗುಲವೆಂದರೂ ಆರೇಳು ಸಲಕ್ಕೆ ಮೊಳದ ಲೆಕ್ಕ ಮುಗಿಯಿತು. ಅಜ್ಜ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಮೊಮ್ಮಗ ಒಂದು ಮೆಟ್ಟಿಲು ಇಳಿದು ಹೋಗುತ್ತಾನೆ. ಚೆನ್ನೈಯಲ್ಲಿ ಇಂಥ ಮನೆಗಳ ಕೆಳಗೆ ನೂರಾರು ಜಾಕುಗಳನ್ನಿಟ್ಟು ಇಡೀ ಮನೆಯನ್ನೇ ಮೂರು ನಾಲ್ಕು ಅಡಿ ಮೇಲೆತ್ತಿಸಿಕೊಂಡವರಿದ್ದಾರೆ. ಮುಂಬಯಿಯಲ್ಲಿ 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು, ಹೆಚ್ಚುಕಡಿಮೆ ಎರಡು ಮೊಳ. ಕುರ್ಲಾ, ಕಲೀನಾದ ಕಡೆ ಗ್ರೌಂಡ್ ಫ್ಲೋರಿನಲ್ಲಿದ್ದವರ ಟ್ರಂಕು, ಹಾಸಿಗೆ, ಮಕ್ಕಳ ಪುಸ್ತಕಗಳು ತೇಲಿದ್ದನ್ನು ಕಂಡವರು ಓದುಗರಲ್ಲಿಯೂ ಇರಬಹುದು.

ಹಾಗೆಂದು ಎತ್ತರವೊಂದೇ ಕಾಪಾಡುತ್ತದೆಂದು ತಿಳಿಯಬಾರದು. ಪುಣೆಯ ಹಳೆಯ ವಾಡೆಗಳಿಗೆ ಒಳ್ಳೆಯ ಕಲ್ಲಿನ ಬುಡವಿತ್ತು. ಮರಾಠಿಯಲ್ಲಿ ಅದಕ್ಕೆ ‘ಜೋತೇ’ ಎನ್ನುತ್ತಾರೆ. 1961ರ ಜುಲೈ 12ರಂದು ಪಾನ್ಶೇತ್ ಅಣೆಕಟ್ಟು ಒಡೆದು, ಕೆಳಗಿನ ಖಡಕ್‌ವಾಸ್ಲಾವೂ ಕಿತ್ತುಕೊಂಡು ಹೋದಾಗ, ಮೇಲಿನ ಮಣ್ಣಿನ ಗೋಡೆಗಳು ಕರಗಿ ಬಿದ್ದವು. 1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹ ಹೈದರಾಬಾದಿನಲ್ಲಿ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ಮರುವರ್ಷ ನಿಜಾಮ ಸರಕಾರದ ಕರೆಗೆ ಹೋದ ನಮ್ಮ ವಿಶ್ವೇಶ್ವರಯ್ಯನವರು ಪರಿಹಾರವನ್ನು ಹುಡುಕಿದ್ದು ಊರಿನ ಮೇಲ್ಗಡೆ: ನೀರನ್ನು ಅಲ್ಲಿಯೇ ಹಿಡಿದು ನಿಲ್ಲಿಸುವ ಜಲಾಶಯಗಳಲ್ಲಿ. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ನದಿಯನ್ನು ತಡೆಯುವುದು ಸರಕಾರದ ಕೆಲಸ, ಮೇಸ್ತ್ರಿಯದಲ್ಲ. ಆದರೆ ಅದೇ ಹೈದರಾಬಾದಿನಲ್ಲಿ 2020ರ ಅಕ್ಟೋಬರಿನಲ್ಲಿ ನೀರು ನಿಂತ ಬಡಾವಣೆಗಳಲ್ಲಿ ಕೆಲವು ಕೆರೆಯಂಗಳದಲ್ಲೇ ಎದ್ದವು. ಕೆರೆಯಲ್ಲಿ ಮನೆ ಕಟ್ಟಿದವನಿಗೆ ಎಷ್ಟು ಮೊಳವಾದರೂ ಸಾಲದು.

ಆದ್ದರಿಂದ ನಿವೇಶನವನ್ನು ಬೇಸಗೆ ರಜೆಯಲ್ಲಷ್ಟೇ ನೋಡಿ ಬರಬೇಡಿ, ಮಳೆಗಾಲದಲ್ಲೊಮ್ಮೆ ಹೋಗಿ. ನೆರೆಮನೆಯ ಹಿರಿಯರನ್ನು ಕೇಳಿದರೆ ಕಾಂಪೌಂಡಿನ ಮೇಲೆ ನೀರು ನಿಂತ ಗೆರೆಯನ್ನು ಬೆರಳಿಟ್ಟು ತೋರಿಸುತ್ತಾರೆ. ಆ ಗೆರೆ, ಎದುರಿನ ರಸ್ತೆಯ ನಡುಮಟ್ಟ, ಇವೆರಡರಲ್ಲಿ ಯಾವುದು ಮೇಲೋ ಅಲ್ಲಿಂದ ಒಂದು ಮೊಳವೆಂದು ಮೇಸ್ತ್ರಿಗೆ ಹೇಳಬಹುದು. ರಸ್ತೆ ಇನ್ನೂ ಮಣ್ಣಿನದಾಗಿದ್ದರೆ ಅದಕ್ಕೆ ಮುಂದೆ ಬೀಳುವ ಜಲ್ಲಿ, ಡಾಂಬರಿಗೆಂದು ಇನ್ನೊಂದಡಿ ಸೇರಿಸಿ. ಇದರಿಂದ ಖರ್ಚು ಏರುತ್ತದೆ, ನಿಜ. ಸಾವಿರ ಚದರ ಅಡಿಯ ಮನೆಗೆ ಒಂದೂವರೆ ಅಡಿಗೆ ಸುಮಾರು 1500 ಘನ ಅಡಿ ಮಣ್ಣು ಬೇಕಾದರೆ ಮೂರು ಅಡಿಗೆ ಅದರ ಎರಡರಷ್ಟು. ಮೂರು ಅಡಿಯೆಂದರೆ ಅರ್ಧರ್ಧ ಅಡಿಯ ಆರು ಮೆಟ್ಟಿಲುಗಳು. ಗಾಲಿಕುರ್ಚಿಗೆ ಇಳಿಜಾರು ಮಾಡಿಸುವುದಾದರೆ ಅಡಿಗೆ ಹನ್ನೆರಡು ಅಡಿಯಂತೆ 36 ಅಡಿ ಉದ್ದ ಬೇಕು. ಸಣ್ಣ ನಿವೇಶನದಲ್ಲಿ ಅಷ್ಟು ಜಾಗ ಸಿಗುವುದು ಕಷ್ಟ. ಊರಿನ ಮನೆಯಲ್ಲಿ ಇರುವವರು ವಯಸ್ಸಾದ ತಾಯಿತಂದೆಯರು ತಾನೆ? ಮೆಟ್ಟಿಲು ಎತ್ತರ ತಗ್ಗಿಸಿ, ಅಗಲ ಹೆಚ್ಚಿಸಿ, ಎರಡೂ ಕಡೆ ಕೈಪಿಡಿ ಇರುವಂತೆ ನಕ್ಷೆಯಲ್ಲಿಯೇ ಬರೆಸಿಬಿಡಿ.