ಲಾಳ ಕಳಚುವಿಕೆ

ಕುದುರೆಯ ಗೊರಸಿಗೆ ಮೊಳೆ ಹೊಡೆದು ಕೂರಿಸಿದ ಲಾಳ, ಮರುಲಾಳದ ಅವಧಿಗೆ ಮೊದಲೇ ಸಡಿಲಗೊಂಡು ಬೀಳುವುದು. ಮುಂಗಾಲುಗಳಲ್ಲಿ ಹೆಚ್ಚು, ಹಿಂಗಾಲಿನ ಗೊರಸು ಮುಂಗಾಲಿನ ಲಾಳದ ಹಿಂದುದಿಯನ್ನು ಮೆಟ್ಟಿ ಕೀಳುವುದು ಸಾಮಾನ್ಯ ಕಾರಣ. ಗೊರಸಿನ ಗೋಡೆ ತಿಂಗಳಿಗೆ ಸುಮಾರು 6ರಿಂದ 10 ಮಿ.ಮೀ. ಬೆಳೆಯುತ್ತದೆ. ಅವಧಿ ಮೀರಿದರೆ ಮುಂದುದಿ ಉದ್ದವಾಗಿ ಮುಂಗಾಲು ನೆಲ ಬಿಡುವುದು ತಡವಾಗುತ್ತದೆ, ಅಷ್ಟರಲ್ಲಿ ಹಿಂಗಾಲು ಬಂದು ತಾಗುತ್ತದೆ. ಪದೇಪದೇ ನೆನೆದು ಒಣಗುವ ಗೊರಸಿನಲ್ಲಿ ಮೊಳೆಯ ಹಿಡಿತ ಸಡಿಲುತ್ತದೆ. ನೊಣಗಳ ಕಾಟಕ್ಕೆ ಕಾಲು ಬಡಿಯುವುದೂ ಇದಕ್ಕೆ ಕೂಡುತ್ತದೆ. ಕಿತ್ತ ಲಾಳ ಗೋಡೆಯ ಚೂರನ್ನೂ ಮುರಿದೊಯ್ಯುವುದರಿಂದ ಮುಂದಿನ ಮೊಳೆಗೆ ಗಟ್ಟಿ ಜಾಗ ಉಳಿಯದೆ ತೊಂದರೆ ಮರುಕಳಿಸುತ್ತದೆ.

ತಡೆಯಲ್ಲಿ ಮೊದಲನೆಯದು ಅವಧಿಪಾಲನೆ: ಸಾಮಾನ್ಯವಾಗಿ 4ರಿಂದ 6 ವಾರಗಳಿಗೊಮ್ಮೆ ಗೊರಸು ಕತ್ತರಿಸಿ, ಸಮತೋಲ ನೋಡಿ, ಲಾಳ ಮರುಕಟ್ಟುವುದು. ಲಾಳದ ಹಿಂದುದಿ ಅನಗತ್ಯವಾಗಿ ಚಾಚಿರಬಾರದು. ಆದರೆ ಬೀಳುವ ಭಯಕ್ಕೆ ಅದನ್ನು ಮೋಟು ಮಾಡಿದರೆ ಹಿಮ್ಮಡಿಗೆ ಆಸರೆ ತಪ್ಪುತ್ತದೆ, ಈ ಹಾನಿ ಲಾಳ ಕಳೆಯುವುದಕ್ಕಿಂತ ದೊಡ್ಡದು. ಮುಂಗಾಲಿನ ಹಿಮ್ಮಡಿಯನ್ನೂ ಲಾಳದ ಹಿಂದುದಿಯನ್ನೂ ಮುಚ್ಚುವ ಗಂಟೆಯಾಕಾರದ ರಬ್ಬರ್ ಕವಚ ಮೆಟ್ಟುವಿಕೆಯನ್ನು ತಡೆಯುತ್ತದೆ. ಮೊಳೆಯ ಮಡಿಚಿದ ತುದಿಗಳು ಎದ್ದಿವೆಯೇ ಎಂದು ದಿನವೂ ನೋಡುವುದು, ಲಾಯವನ್ನು ಒಣದಾಗಿಡುವುದು ಪೂರಕ ಕ್ರಮಗಳು. ದುರ್ಬಲ ಗೊರಸಿಗೆ ಆಹಾರದಲ್ಲಿ ಬಯೋಟಿನ್ ಕೊಡುವುದುಂಟು. ಹೊಸ ಗೋಡೆ ಮೇಲಿನಿಂದ ಕೆಳಗಿಳಿಯಬೇಕಾದ್ದರಿಂದ ಫಲ ಕಾಣಲು ತಿಂಗಳುಗಳೇ ಬೇಕು.